ಇಬ್ಬರಿಗೂ ಒಂದೇ ಗಣಿತ

ದೊಡ್ಡ ಮಗಳನ್ನು ಶಾಲೆ ಬಿಡಿಸಿದ್ದೇ ಗಣಿತದ ಕಾರಣಕ್ಕೆ. ಹಾಗಾಗಿ ಮನೆಯಲ್ಲಿ ಅವಳಿಗೆ ಯಾವ ಗಣಿತ ಕಲಿಸಬೇಕು ಅನ್ನುವುದು ನಮಗೆ ಪುಸ್ತಕ ಆರಿಸುವಷ್ಟು ಹಗುರದ ಮಾತಾಗಿರಲಿಲ್ಲ.

ಆಗ ಅವಳಿಗೆ ಹನ್ನೊಂದು ವರ್ಷ. ಬೋರ್ಡಿನ ಮುಂದೆ ಕರೆದರೆ ಚಾಕ್‌ಪೀಸ್ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳಂತೆ. ಮೊದಲು ಬೆಳಗಿನ ತಿಂಡಿ ಬಿಟ್ಟಳು. ಆಮೇಲೆ ಡಬ್ಬಿಯ ಊಟ ಮುಟ್ಟದೆ ವಾಪಸು ತರತೊಡಗಿದಳು. ಚಳಿಗಾಲದ ಒಂದು ದಿನ, ಬಿಡುವಿನ ಹೊತ್ತಿನಲ್ಲಿ, ಗೇಟು ದಾಟಿ ಒಬ್ಬಳೇ ಬ್ಯಾಟರಿ ರಿಕ್ಷಾ ಹತ್ತಿ ಮನೆಗೆ ಬಂದಳು. ಬಾಗಿಲು ತೆರೆದವನು ನಾನು. “ಹಸಿವಾಗೇದ” ಅಂದಳು. ನಾನೇ ಫೋನ್ ಮಾಡಿ ತಿಳಿಸುವವರೆಗೆ ಮಗು ಇಲ್ಲವೆಂಬುದು ಶಾಲೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ನಾವು ಧಾರವಾಡದವರು. ಹೆಂಡತಿ ಬನಾರಸಿನ ವಿಶ್ವವಿದ್ಯಾಲಯದಲ್ಲಿ ಗೋಧಿಯ ಮೇಲೆ ಸಂಶೋಧನೆ ಮಾಡುತ್ತಾಳೆ. ಅವಳ ಕೆಲಸಕ್ಕಾಗಿ ಇಲ್ಲಿಗೆ ಬಂದೆವು. ನಾನು ಕನ್ನಡ ಪತ್ರಿಕೆಯೊಂದಕ್ಕೆ ಮನೆಯಿಂದಲೇ ಡೆಸ್ಕಿನ ಕೆಲಸ ಮಾಡುತ್ತೇನೆ: ಬೇರೆಯವರು ಬರೆದದ್ದನ್ನು ತಿದ್ದುವುದು, ಸಂದೇಹ ಬಂದಲ್ಲಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದು. ಮನೆ ಬಂಗಾಲಿ ಟೋಲಾದ ಒಂದು ಗಲ್ಲಿಯಲ್ಲಿ, ಎರಡನೇ ಅಂತಸ್ತಿನಲ್ಲಿ. ಎರಡು ಕೋಣೆ, ಮಂಗಗಳಿಗೆ ಹೆದರಿ ಸುತ್ತಲೂ ಕಬ್ಬಿಣದ ಜಾಲಿ ಹಾಕಿಸಿಕೊಂಡ ಒಂದು ವರಾಂಡ. ಒಂಬತ್ತು ವರ್ಷದ ಸಣ್ಣವಳು, ಅಕ್ಕ ಹೋಗದ ಶಾಲೆಗೆ ತಾನೂ ಹೋಗುವುದಿಲ್ಲ ಎಂದು ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಹೀಗೆ ಇಬ್ಬರೂ ಮನೆಯಲ್ಲಿ ಉಳಿದರು.

ಭಾಷೆ, ವಿಜ್ಞಾನ, ಇತಿಹಾಸ ಹೇಗೋ ಸಾಗಿದವು. ಗಣಿತಕ್ಕೆ ಮಾತ್ರ ಒಂದು ಸರಿಯಾದ ಕ್ರಮ ಬೇಕು ಅನ್ನಿಸಿತು. ನಾನು ವರದಿಗಾರನ ರೀತಿಯಲ್ಲೇ ಹೊರಟೆ. ಮನೆಯಲ್ಲಿ ಓದಿಸುವ ಬೇರೆ ಬೇರೆ ಊರಿನ ತಂದೆತಾಯಿಗಳಿಗೆ ಫೋನ್ ಮಾಡಿದೆ. ಹೊರದೇಶದಿಂದ ತರಿಸುವ ಒಂದು ಅಭ್ಯಾಸ ಪುಸ್ತಕಮಾಲೆ ಇತ್ತು, ಒಂದು ಪಾಠ ಪೂರ್ತಿ ಬರುವವರೆಗೆ ಮುಂದಿನದಕ್ಕೆ ಬಿಡುವುದಿಲ್ಲ. ಸರ್ಕಾರಿ ಪಠ್ಯಪುಸ್ತಕವೇ ಸಾಕು ಎನ್ನುವವರಿದ್ದರು. ಬೆಂಗಳೂರಿನಿಂದ ಕಂಪ್ಯೂಟರಿನಲ್ಲಿ ನೇರವಾಗಿ ನಡೆಯುವ ಒಂದು ಕೋರ್ಸ್ ಇತ್ತು. ಅದರಲ್ಲಿ ತರಗತಿಗಳಿಲ್ಲ, ಹಂತಗಳಿವೆ. ಪರೀಕ್ಷೆ ಮಾಡಿ ಮಗುವನ್ನು ತಕ್ಕ ಹಂತಕ್ಕೆ ಸೇರಿಸುತ್ತಾರೆ. ಕೇಳಿದವರೆಲ್ಲ ತಾವು ಆರಿಸಿಕೊಂಡದ್ದನ್ನೇ ಹೊಗಳಿದರು. ತಮ್ಮ ಮಗುವಿಗೆ ಒಗ್ಗದೆ ಬಿಟ್ಟ ಕೋರ್ಸಿನ ಬಗ್ಗೆ ಮಾತಾಡಲು ಯಾರಿಗೂ ಇಷ್ಟವಿರಲಿಲ್ಲ.

ಕಂಪ್ಯೂಟರ್ ಕೋರ್ಸಿನ ಪರೀಕ್ಷೆಯಲ್ಲಿ ಅಕ್ಕತಂಗಿ ಇಬ್ಬರೂ ಒಂದೇ ಹಂತಕ್ಕೆ ಬಂದರು. ದೊಡ್ಡವಳಿಗೆ ಅದು ಅವಮಾನ. ಸಣ್ಣವಳಿಗೆ ಹಬ್ಬ. ಹೆಂಡತಿಗೆ ಮಾತ್ರ ಅದರಲ್ಲಿ ಒಂದು ಅನುಕೂಲ ಕಂಡಿತು.

ಗೋಧಿಯ ಹೊಲದಲ್ಲಿ ಹೊಸ ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲೇ ಏನೂ ಹಾಕದ ತಾಕೊಂದನ್ನು ಬಿಟ್ಟಿರುತ್ತಾರೆ. ಬೆಳೆ ಚೆನ್ನಾಗಿ ಬಂದರೆ ಅದು ಗೊಬ್ಬರದಿಂದಲೋ ಒಳ್ಳೆಯ ಚಳಿಯಿಂದಲೋ ಎಂದು ತಿಳಿಯಲು ಆ ಬರಿಯ ತಾಕನ್ನು ನೋಡಬೇಕು. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅದನ್ನೇ ಮನೆಗೆ ತಂದಳು.

“ಸಣ್ಣಾಕಿಗೆ ಗಣಿತದ ಅಂಜಿಕೆ ಇಲ್ಲ. ಆಕಿನೇ ಕಂಟ್ರೋಲ್. ಇಬ್ಬರನ್ನೂ ಒಂದೇ ಮೇಜಿಗೆ ಕೂಡಸೂಣು. ದೊಡ್ಡಾಕಿ ಜೋಡೀಲೆ ನಡದ್ರ ಮನಿ ಪಾಠ ಹತ್ತತದ ಅಂತ ಅರ್ಥ. ಸಣ್ಣಾಕಿ ದಾಟಿ ಮುಂದ ಹೋದ್ಲೋ, ತಪ್ಪು ಕೋರ್ಸಿಂದಲ್ಲ, ಮನೀದು. ದೊಡ್ಡಾಕಿನ್ನ ಜುಲೈದಾಗ ಸಾಲಿಗೆ ಹಾಕೋದ.”

“ಮತ್ತ ಅದೇ ಸಾಲಿಗೇನು?”

“ಬ್ಯಾರೇದು ನೋಡೇನಿ. ಆರನೇ ಕ್ಲಾಸಿಗೆ ಒಂದು ಸೀಟು ಹಿಡದಾರ. ಜೂನ್ ಕಡೀಗೆ ಹೌದು-ಅಲ್ಲ ಹೇಳಬೇಕು. ನೀವು ಭಾವನಾ ಬಿಟ್ಟು ನೋಡ್ರಿ.”

ಮಕ್ಕಳು ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದರು. ಬನಾರಸಿಗೆ ಬಂದ ಮೇಲೆ ಅವರಿಬ್ಬರೂ ತಮ್ಮೊಳಗೆ ಹಿಂದಿಯಲ್ಲೇ ಮಾತಾಡಿಕೊಳ್ಳುತ್ತಾರೆ. ಕನ್ನಡ ತಿರುಗಿ ಬರುವುದು ನಾವು ಕೇಳಿದ್ದಕ್ಕೆ ಉತ್ತರವಾಗಿ ಮಾತ್ರ. ನಾವು ಬೇಗಬೇಗ ಧಾರವಾಡದ ಮಾತಾಡಿದರೆ ಅವರು ಈಗ ಕಿವಿಗೊಡುವುದಿಲ್ಲ ಎಂದು ನಾವಿಬ್ಬರೂ ನಂಬಿದ್ದೆವು. ಗುಟ್ಟಿನ ಮಾತಿಗೆ ಅದೇ ನಮ್ಮ ಭಾಷೆ.

ಏಪ್ರಿಲಿನಲ್ಲಿ ಪಾಠ ಶುರುವಾಯಿತು. ವರಾಂಡದಲ್ಲಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಇಬ್ಬರ ಕೈಯಲ್ಲೂ ಒಂದೊಂದು ಪುಟ್ಟ ಬಿಳಿ ಬೋರ್ಡು. ಟೀಚರ್ ಪ್ರಶ್ನೆ ಹೇಳುತ್ತಾರೆ, ಮಕ್ಕಳು ಉತ್ತರ ಬರೆದು ಬೋರ್ಡನ್ನು ಕ್ಯಾಮರಾದ ಮುಂದೆ ಎತ್ತಿ ಹಿಡಿಯುತ್ತಾರೆ. ವಾರದ ಕೊನೆಗೆ ಪರದೆಯ ಮೇಲೆ ಪರೀಕ್ಷೆ, ನಾಲ್ಕು ಉತ್ತರಗಳಲ್ಲಿ ಸರಿಯಾದ್ದನ್ನು ಒತ್ತಬೇಕು. ಕರೆಂಟು ಹೋಗುತ್ತಿತ್ತು, ಮಂಗಗಳು ಇಂಟರ್‌ನೆಟ್ಟಿನ ತಂತಿ ಹಿಡಿದು ಜೋತಾಡುತ್ತಿದ್ದವು, ಆದರೂ ಪಾಠ ತಪ್ಪಲಿಲ್ಲ.

ಅಂಕಗಳು ಬಂದಾಗ ಹೆಂಡತಿಯ ಮುಖ ಸಡಿಲವಾಯಿತು. ಇಬ್ಬರದೂ ಹತ್ತಿರ ಹತ್ತಿರ. ಮೊದಲ ಕೆಲವು ಪಾಠಗಳಲ್ಲಿ ಚುರುಕಾಗಿ ಓಡಿದ ಸಣ್ಣವಳು ಆಮೇಲೆ ಅಕ್ಕನ ಜೊತೆಗೇ ನಡೆಯತೊಡಗಿದ್ದಳು. “ನೋಡ್ರಿ, ಮೊದ್ಲಿನ ಹುಮ್ಮಸ್ಸು ಇಳೀತು. ಇದು ಖರೇ ಮಟ್ಟ” ಎಂದಳು ಹೆಂಡತಿ. ದೊಡ್ಡವಳು ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದಳು. ನನಗೂ ಅಷ್ಟೇ ಸಾಕಾಗಿತ್ತು.

ಮೇ ತಿಂಗಳಲ್ಲಿ, ಲೂ ಎಂಬ ಬಿಸಿಗಾಳಿ ಬೀಸುವ ಒಂದು ದಿನ, ಕೂಲರಿಗೆ ನೀರು ತುಂಬಲು ವರಾಂಡಕ್ಕೆ ಹೋದೆ. ಮಕ್ಕಳ ಬೆನ್ನು ನನ್ನ ಕಡೆಗಿತ್ತು. ಟೀಚರ್ ಒಂದು ಭಿನ್ನರಾಶಿ ಕೊಟ್ಟಿದ್ದರು: ಮೇಲೆ ಎಪ್ಪತ್ತೆರಡು, ಕೆಳಗೆ ತೊಂಬತ್ತಾರು. ಅದನ್ನು ಚಿಕ್ಕದು ಮಾಡಬೇಕು. ಸಣ್ಣವಳು ಒಂದೇ ಸಲಕ್ಕೆ ಮೂರರ ಕೆಳಗೆ ನಾಲ್ಕು ಎಂದು ಬರೆದಳು. ಸರಿ ಉತ್ತರ. ಬರೆದು, ಒಂದು ಗಳಿಗೆ ಅದನ್ನೇ ನೋಡಿದಳು. ಅಂಗೈಯಿಂದ ಒರೆಸಿದಳು. ಮೂವತ್ತೊಂದರ ಕೆಳಗೆ ನಲವತ್ತಮೂರು ಎಂದು ಬರೆದು ಬೋರ್ಡನ್ನು ಎತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ದೊಡ್ಡವಳೂ ಬೋರ್ಡು ಎತ್ತಿದಳು. ಅದರಲ್ಲೂ ಮೂವತ್ತೊಂದರ ಕೆಳಗೆ ನಲವತ್ತಮೂರು.

“ಇಬ್ಬರೂ ಒಂದೇ ಕಡೆ ಎಡವಿದ್ದೀರಲ್ಲ” ಎಂದು ಟೀಚರ್ ನಕ್ಕರು.

ನನಗೆ ಮೊದಲು ಹೊಳೆದದ್ದು ದೊಡ್ಡವಳು ತಂಗಿಯದನ್ನು ನೋಡಿ ಬರೆಯುತ್ತಿದ್ದಾಳೆ ಎಂದು. ಕೊಡ ಕೈಯಲ್ಲೇ ಉಳಿಯಿತು. ಅದು ನಿಜವಾದರೆ ಅಂಕಗಳೆಲ್ಲ ಸುಳ್ಳು, ಜುಲೈಯಲ್ಲಿ ಅವಳು ಶಾಲೆಗೆ. ಆದರೆ ಆ ಊಹೆಯಲ್ಲಿ ಒಂದು ತೊಡಕಿತ್ತು. ಕದಿಯುವವರು ಇದ್ದರೆ, ಕೊಡುವವಳು ಸರಿ ಉತ್ತರವನ್ನು ಯಾಕೆ ಅಳಿಸಬೇಕು?

ಒಮ್ಮೆ ಕಂಡದ್ದನ್ನು ಡೆಸ್ಕಿನಲ್ಲಿ ನಾವು ಸುದ್ದಿ ಎನ್ನುವುದಿಲ್ಲ. ಮುಂದಿನ ಪಾಠಕ್ಕೆ, ಕೂಲರಿನ ಗಾಳಿ ಇಬ್ಬರಿಗೂ ಸಿಗಲಿ ಎಂದು ನೆಪ ಹೇಳಿ ಲ್ಯಾಪ್‌ಟಾಪನ್ನು ಮೇಜಿನ ತುದಿಗೆ ಸರಿಸಿ ಕುರ್ಚಿಗಳನ್ನು ಎದುರುಬದುರಿಗೆ ಹಾಕಿದೆ. ಈಗ ಒಬ್ಬರ ಬೋರ್ಡು ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಬಾಗಿಲ ಹತ್ತಿರ ಬಟ್ಟೆ ಮಡಚುತ್ತ ನಿಂತೆ. ಸಣ್ಣವಳು ಬರೆದಳು, ಅಕ್ಕನ ಮುಖವನ್ನೊಮ್ಮೆ ನೋಡಿದಳು, ಅಳಿಸಿದಳು, ಬೇರೆ ಬರೆದಳು. ಇಬ್ಬರದೂ ಮತ್ತೆ ಒಂದೇ ತಪ್ಪು. ಮುಂದಿನ ಪ್ರಶ್ನೆಗೆ ಸಣ್ಣವಳು ಅಳಿಸಲಿಲ್ಲ. ಅದು ಇಬ್ಬರದೂ ಸರಿಯಿತ್ತು.

ಅಂದರೆ ಅಕ್ಕ ಎಲ್ಲಿ ತಪ್ಪುತ್ತಾಳೆ, ಹೇಗೆ ತಪ್ಪುತ್ತಾಳೆ ಎನ್ನುವುದು ಇವಳಿಗೆ ಮೊದಲೇ ಗೊತ್ತು. ಊಟದ ಮೇಜಿನ ಮಾತನ್ನು ಇವಳು ಪೂರ್ತಿ ಕೇಳಿಸಿಕೊಂಡಿದ್ದಾಳೆ ಎಂಬುದು ಆಗ ನನಗೆ ಹೊಳೆಯಿತು.

ಭಾನುವಾರ ಅವಳೊಬ್ಬಳನ್ನೇ ಕೇದಾರ ಘಾಟಿನ ಕಡೆಗೆ ಇಡ್ಲಿ ತಿನ್ನಲು ಕರೆದುಕೊಂಡು ಹೋದೆ. ಗಲ್ಲಿಯಲ್ಲಿ ಅಡ್ಡ ನಿಂತ ಗೂಳಿಯನ್ನು ಸವರಿಕೊಂಡು, ರಾಮೇಶ್ವರದ ಕಡೆಯ ಯಾತ್ರಿಕರ ನಡುವೆ ದಾರಿ ಮಾಡಿಕೊಂಡು ಹೋಟೆಲಿಗೆ ಹೋದೆವು. ಚಟ್ನಿ ಬರುವವರೆಗೆ ನಾನು ಏನನ್ನೂ ಕೇಳಲಿಲ್ಲ. ಅವಳೇ ಕೇಳಿದಳು.

“ದೀದೀನ್ನ ಯಾಕ ಕರಕೊಂಡು ಬರಲಿಲ್ಲ?”

“ನಿನ್ನ ಜೋಡಿ ಮಾತಾಡೂದಿತ್ತು. ಬೋರ್ಡಿನ ಮ್ಯಾಲೆ ಬರದು ಯಾಕ ಅಳಸ್ತಿ?”

ಇಡ್ಲಿಯನ್ನು ಸಣ್ಣ ಸಣ್ಣ ಚೂರು ಮಾಡಿದಳು. “ಯಾರಿಗೂ ಹೇಳಂಗಿಲ್ಲ ಅಂದ್ರ ಹೇಳ್ತೀನಿ.”

“ಮೊದ್ಲ ಕೇಳ್ತೀನಿ. ಆಮ್ಯಾಲೆ ನೋಡೂಣು.”

“ಹಂಗಿದ್ರ ನಾ ಏನೂ ಅಳಸೂದಿಲ್ಲ.”

ಚೂರುಗಳನ್ನು ಒಂದೊಂದಾಗಿ ಸಾಂಬಾರಿನಲ್ಲಿ ಮುಳುಗಿಸಿ ತಿಂದಳು. ನಾನು ಕಾಯ್ದೆ. ಸುದ್ದಿ ಕೊಡುವವರು ಮೌನವನ್ನು ಬಹಳ ಹೊತ್ತು ತಡೆಯಲಾರರು. ಇವಳು ತಡೆದಳು. ಕೈ ತೊಳೆದು ಬರುವಾಗ ಮಾತ್ರ, ನನ್ನ ಕಡೆ ನೋಡದೆ, “ದೀದಿ ಸಾಲಿಗೆ ಹೋದ್ರ ಮತ್ತ ಊಟ ಬಿಡ್ತಾಳ” ಎಂದಳು.

ನನಗೆ ಬೇಕಾದದ್ದು ಸಿಕ್ಕಿತ್ತು. ಅದನ್ನು ಏನು ಮಾಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಹೆಂಡತಿಗೆ ಹೇಳಿದರೆ ಅವಳ ಲೆಕ್ಕಾಚಾರದ ಪ್ರಕಾರ ಉತ್ತರ ಒಂದೇ: ಸಣ್ಣವಳು ದಾಟಿ ಹೋಗಿದ್ದಾಳೆ, ದೊಡ್ಡವಳು ಶಾಲೆಗೆ. ಹೇಳದೆ ಇದ್ದರೆ ದೊಡ್ಡವಳು ಮನೆಯಲ್ಲಿ ಉಳಿಯುತ್ತಾಳೆ, ತನಗೆ ಬಾರದ ಗಣಿತದ ಮೇಲೆ ಇನ್ನಷ್ಟು ಗಣಿತ ಹೇರಿಸಿಕೊಂಡು. ಜೂನ್ ಹತ್ತಿರವಾದಂತೆ ಎರಡನೆಯದೂ ಸಣ್ಣ ಅಪಾಯವಲ್ಲ ಎಂದು ಕಾಣತೊಡಗಿತು. ಕೋರ್ಸಿನವರಿಂದ ಸಂದೇಶ ಬಂತು: ಇಬ್ಬರನ್ನೂ ಮುಂದಿನ ಹಂತಕ್ಕೆ, ಬೀಜಗಣಿತಕ್ಕೆ, ಏರಿಸುವ ಬಗ್ಗೆ ಭಾನುವಾರ ಟೀಚರ್ ತಂದೆತಾಯಿಯ ಜೊತೆ ಮಾತಾಡುತ್ತಾರೆ. ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತು ಎನ್ನುವ ವಾರದ ಪರೀಕ್ಷೆಗಳಲ್ಲಿ ದೊಡ್ಡವಳು ಚೆನ್ನಾಗಿಯೇ ಮಾಡಿದ್ದಳು.

ಹೆಂಡತಿ ಸಂದೇಶವನ್ನು ಎರಡು ಸಲ ಓದಿ, “ಸಾಲಿ ಸೀಟು ಬಿಟ್ಟೇವಿ ಅಂತ ಸೋಮವಾರ ಹೇಳಿಬಿಡ್ತೀನಿ” ಎಂದಳು. ನಾನು ಬಾಯಿ ತೆರೆದೆ. ಒಳಗಿನ ಕೋಣೆಯಿಂದ ದೊಡ್ಡವಳು ನೀರು ಕುಡಿಯಲು ಬಂದಳು. ಹೇಳಬೇಕೆಂದಿದ್ದವನು ಅವಳಿಗೆ ಲೋಟ ತೆಗೆದುಕೊಟ್ಟೆ. ಭಾನುವಾರ ಟೀಚರ ಕರೆಗಿಂತ ಮೊದಲು ಹೇಳುವುದು ಎಂದು ನಿಶ್ಚಯಿಸಿದೆ.

ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಹೊಲದಿಂದ ಕರೆದರು. ನೀರಿನ ಪಂಪು ಕೆಟ್ಟಿತ್ತಂತೆ. ಅವಳು ತಿರುಗಿ ಬಂದು ಚಪ್ಪಲಿ ಬಿಡುವುದಕ್ಕೂ ಲ್ಯಾಪ್‌ಟಾಪಿನಲ್ಲಿ ಕರೆ ಬರುವುದಕ್ಕೂ ಸರಿಹೋಯಿತು. “ಒಂದು ಮಾತು ಹೇಳೂದಿತ್ತು” ಎಂದೆ. “ಆಮ್ಯಾಲೆ ಹೇಳ್ರಿ” ಎಂದು ಬೆವರು ಒರೆಸಿಕೊಳ್ಳುತ್ತ ಕೂತಳು. ಮಕ್ಕಳಿಬ್ಬರೂ ಅವಳ ಎರಡು ಬದಿಗೆ ಕೂತರು. ನಾನು ಹಿಂದೆ ನಿಂತೆ.

ಟೀಚರ್ ಮೆಚ್ಚುಗೆಯಿಂದ ಮಾತಾಡಿದರು. ಇಬ್ಬರೂ ಸಮಸಮ ಬರ್ತಿದ್ದಾರೆ, ಇಂಥ ಜೋಡಿ ಅಪರೂಪ, ಭಿನ್ನರಾಶಿಯಲ್ಲಿ ಸಣ್ಣಪುಟ್ಟ ತಪ್ಪು ಇವೆ, ಅದು ಮುಂದೆ ಸರಿಹೋಗುತ್ತದೆ, ಇಬ್ಬರನ್ನೂ ಒಟ್ಟಿಗೇ ಏರಿಸೋಣ. “ಏನು, ಅಕ್ಕ? ರೆಡಿನಾ?”

ದೊಡ್ಡವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. “ಇಲ್ಲ ಮಿಸ್” ಎಂದಳು.

“ಯಾಕಮ್ಮ?”

“ನನಗ ಬರಂಗಿಲ್ಲ. ಇಕಿಗೆ ಬರ್ತದ.”

ಹೆಂಡತಿ ಕೈ ಚಾಚಿ ಮೈಕು ಬಂದ್ ಮಾಡಿದಳು. ಪರದೆಯ ಮೇಲೆ ಟೀಚರ್ ಏನೋ ಕೇಳುತ್ತಲೇ ಇದ್ದರು. ಹೆಂಡತಿ ಕ್ಯಾಮರಾಕ್ಕೆ ಕೈಮುಗಿದು, ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿದಳು.

“ಏನು ಹಂಗಂದ್ರ?”

“ಇಕಿ ಸರಿ ಬರದು ಅಳಸ್ತಾಳ. ನಾ ಎಲ್ಲಿ ತಪ್ಪತೀನೋ ಅಲ್ಲೇ ತಪ್ಪತಾಳ. ನನಗ ಮೊದ್ಲಿಂದ ಗೊತ್ತದ.”

“ಝೂಠೀ” ಎಂದಳು ಸಣ್ಣವಳು, ಬಹಳ ಮೆಲ್ಲಗೆ. ಸುಳ್ಳುಗಾತಿ.

“ನೀ ಸುಮ್ಮಕಿರು. ನಾ ದಡ್ಡಿ ಅಂತ ಮಿಸ್‌ಗೆ ಗೊತ್ತಾಗೂದು ನಡೀತದ. ನೀ ದಿನಾ ನನ್ನ ತಪ್ಪು ಬರದು ತೋರಸೂದು ನಡಿಯಂಗಿಲ್ಲ.” ಅವಳ ಧ್ವನಿ ಏರಲಿಲ್ಲ. ತಾಯಿಯ ಕಡೆ ತಿರುಗಿದಳು. “ಆಕಿ ಮುಂದ ಹೋದ್ರ ನನ್ನ ಸಾಲಿಗೆ ಹಾಕ್ತೀನಿ ಅಂದಿದ್ದಿ. ಆಕಿ ಮುಂದ ಹೋಗ್ಯಾಳ. ಹಾಕು.”

ಜಾಲಿಯ ಆಚೆ ಒಂದು ಮಂಗ ನಮ್ಮನ್ನೇ ನೋಡುತ್ತ ಕೂತಿತ್ತು. ಹೆಂಡತಿ ಒಂದು ಸಲ ನನ್ನ ಮುಖ ನೋಡಿದಳು, ನನಗೆ ಮೊದಲೇ ಗೊತ್ತಿತ್ತೆಂದು ಅರ್ಥಮಾಡಿಕೊಂಡಳು, ಅದನ್ನು ಬದಿಗಿಟ್ಟಳು. ಆ ಜಗಳ ಬೇರೆ ದಿನಕ್ಕೆ ಉಳಿಯಿತು, ನಡೆಯಿತು ಕೂಡ. ಅಂದು ಮಾತ್ರ ಅವಳು ಬಾಟಲಿಯ ನೀರನ್ನು ಅಷ್ಟೂ ಕುಡಿದು, “ಹೊಲದಾಗ ಗೋಧಿ ನಮ್ಮ ಮಾತು ಕೇಳಿಸ್ಕೊಳ್ಳೂದಿಲ್ಲ” ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಆಮೇಲೆ ಸಣ್ಣವಳನ್ನು ಹತ್ತಿರ ಕರೆದಳು. ಗದರಿಸುತ್ತಾಳೆ ಎಂದುಕೊಂಡೆ. ಸಣ್ಣವಳೂ ಹಾಗೇ ಅಂದುಕೊಂಡು ಕುರ್ಚಿಯ ಹಿಂದೆ ಸರಿದಳು.

“ಬಡಿಯಂಗಿಲ್ಲ, ಬಾ. ದೀದಿ ಎಲ್ಲಿ ತಪ್ಪತಾಳ ಅಂತ ನಿನಗ ಹೆಂಗ ಗೊತ್ತಾಗ್ತಿತ್ತು?”

ಸಣ್ಣವಳು ಅಕ್ಕನ ಕಡೆ ನೋಡಿದಳು, ಅಪ್ಪಣೆ ಕೇಳುವಂತೆ. ದೊಡ್ಡವಳು ಜಾಲಿಯ ಹೊರಗೆ ನೋಡುತ್ತಿದ್ದಳು.

“ಭಾಗಾಕಾರ ಬಂದ್ರ ತಪ್ಪತಾಳ.”

“ಭಿನ್ನರಾಶಿ ಅಲ್ಲಾ?”

“ಅಲ್ಲ. ಅದು ಆಕಿಗೆ ತಿಳೀತದ, ನನಗಿಂತ ಛಲೋ ತಿಳೀತದ. ಅದರಾಗ ಭಾಗಿಸೂದು ಇರ್ತದಲ್ಲ, ಅಲ್ಲಿ ತಪ್ಪತಾಳ. ದೊಡ್ಡ ಸಂಖ್ಯಾ ಭಾಗಿಸೂದು ಬರಂಗೇ ಇಲ್ಲ ಆಕಿಗೆ, ಒಂದೊಂದು ಅಂಕಿ ಭಾಗಿಸಿ ಉಳಿದದ್ದನ್ನ ಬಿಟ್ಟುಬಿಡ್ತಾಳ. ಪರೀಕ್ಷಾದಾಗ ನಾಕು ಉತ್ತರ ಕೊಡ್ತಾರಲ್ಲ, ಒಂದೊಂದನ್ನೂ ಗುಣಿಸಿ ನೋಡ್ತಾಳ, ಯಾವುದು ಕೂಡತದೋ ಅದನ್ನ ಒತ್ತತಾಳ.”

ಹೆಂಡತಿ ದೊಡ್ಡವಳನ್ನು ನೋಡಿದಳು. “ಹೌದೇನು?”

“ಗುಣಾಕಾರ ಬರ್ತದ ನನಗ” ಎಂದಳು ದೊಡ್ಡವಳು, ಆಪಾದನೆಗೆ ಉತ್ತರ ಕೊಡುವವಳ ಹಾಗೆ.

ನಾವಿಬ್ಬರೂ ಆಗ ಒಂದೇ ದಿಕ್ಕಿನಲ್ಲಿ ಯೋಚಿಸಿದೆವು ಎಂದು ಕಾಣುತ್ತದೆ. ಧಾರವಾಡ ಬಿಟ್ಟದ್ದು ಅವಳು ನಾಲ್ಕನೇ ತರಗತಿಯಲ್ಲಿದ್ದಾಗ, ದಸರಾ ರಜೆಯಲ್ಲಿ. ಅಲ್ಲಿಯ ಶಾಲೆಯಲ್ಲಿ ದೊಡ್ಡ ಭಾಗಾಕಾರ ದಸರೆಯ ನಂತರದ ಪಾಠ. ಇಲ್ಲಿಯ ಶಾಲೆಯಲ್ಲಿ ಅದು ಅವಳು ಬರುವ ಮೊದಲೇ ಮುಗಿದುಹೋಗಿತ್ತು. ಎರಡು ಶಾಲೆಗಳ ನಡುವೆ ರೈಲಿನಲ್ಲಿ ಆ ಪಾಠ ಬಿದ್ದುಹೋಯಿತು. ಯಾರೂ ಅದನ್ನು ಅವಳಿಗೆ ಕಲಿಸಿಯೇ ಇರಲಿಲ್ಲ. ಎಲ್ಲರೂ ಕಲಿಸಿಯಾಗಿದೆ ಎಂದು ತಿಳಿದು ಮುಂದಿನದನ್ನು ಕೇಳಿದರು. ಬೋರ್ಡಿನ ಮುಂದೆ ಅವಳು ಚಾಕ್‌ಪೀಸ್ ಹಿಡಿದು ನಿಂತಾಗ ಅವಳೆದುರು ಇದ್ದದ್ದು ಹೆಚ್ಚಾಗಿ ಅದೇ ಇರಬೇಕು. ನಾನು ಅಷ್ಟೊಂದು ಜನರಿಗೆ ಫೋನ್ ಮಾಡಿ ಯಾವ ಕೋರ್ಸು ಒಳ್ಳೆಯದು ಎಂದು ಕೇಳಿದ್ದೆ. ಮಗಳಿಗೆ ಏನು ಬರುವುದಿಲ್ಲ ಎಂದು ಅವಳ ತಂಗಿಯನ್ನು ಕೇಳಿರಲಿಲ್ಲ.

“ಹೇಳು, ಸಾಲಿಗೆ ಹೋಗ್ತಿಯೇನು?” ಎಂದಳು ಹೆಂಡತಿ. ಈ ಸಲ ನಿಜವಾಗಿ ಕೇಳುತ್ತಿದ್ದಳು.

ದೊಡ್ಡವಳು ಮೇಜಿನ ಮೇಲೆ ಬಿದ್ದಿದ್ದ ಮಾರ್ಕರಿಗೆ ಮುಚ್ಚಳ ಹಾಕಿದಳು. “ಸಾಲ್ಯಾಗ ಆರನೇತ್ತಾದಾಕಿಗೆ ನಾಲ್ಕನೇತ್ತಾದ ಪುಸ್ತಕ ಕೊಡ್ತಾರೇನು?”

ಹೆಂಡತಿ, “ಇಲ್ಲ, ಕೊಡಂಗಿಲ್ಲ” ಎಂದಳು.

“ಹಂಗಿದ್ರ ಮನ್ಯಾಗ ಕೊಡ್ರಿ. ಕಂಪ್ಯೂಟರ್ ಬ್ಯಾಡ. ಪುಸ್ತಕ.” ತಂಗಿಯ ಕಡೆ ತೋರಿಸಿ ಸೇರಿಸಿದಳು, “ಮತ್ತ ಇಕಿ ನನ್ನ ಬಾಜೂಕ ಕೂಡಬಾರದು.”

ಸೋಮವಾರ ಹೆಂಡತಿ ಶಾಲೆಗೆ ಫೋನ್ ಮಾಡಿ ಸೀಟು ಬೇಡವೆಂದಳು. ಯಾಕೆ ಎಂದು ಅವರು ಕೇಳಿರಬೇಕು, “ಸದ್ಯಕ್ಕೆ ಮನೆಯಲ್ಲೇ” ಎಂದು ಹಿಂದಿಯಲ್ಲಿ ಹೇಳಿ ಇಟ್ಟಳು. ಇಟ್ಟ ಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಅವಳಿಗೆ ಖಾತ್ರಿ ಇರಲಿಲ್ಲ. ನನಗೂ ಇರಲಿಲ್ಲ. ಒಂದು ಪಾಠದ ತೂತು ಮುಚ್ಚಿದರೆ ಹುಡುಗಿಯ ಅಂಜಿಕೆ ಹೋಗುತ್ತದೆ ಎಂದು ಯಾರೂ ನಮಗೆ ಬರೆದುಕೊಟ್ಟಿರಲಿಲ್ಲ.

ಸರ್ಕಾರಿ ಪಠ್ಯಪುಸ್ತಕ ತಂದೆ, ನಾಲ್ಕನೇ ತರಗತಿಯದು. ದೊಡ್ಡವಳು ಅದರ ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿದಳು, ತರಗತಿಯ ಅಂಕಿ ಕಾಣದಂತೆ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ತಾಯಿಮಗಳು ಕೂತರು. ಮೊದಲ ಎರಡು ದಿನ ಅಲ್ಲಿಂದ ಕೇಳಿದ್ದು ಹೆಚ್ಚಾಗಿ ರಬ್ಬರಿನ ಸದ್ದು. ಮೂರನೆಯ ದಿನ ಒಂದು ವಾದ ಕೇಳಿಸಿತು. ಭಾಗಿಸಿ ಉಳಿದದ್ದನ್ನು ಕೆಳಗೆ ಯಾಕೆ ಇಳಿಸಬೇಕು ಎಂದು ದೊಡ್ಡವಳು ಕೇಳುತ್ತಿದ್ದಳು, ಹೆಂಡತಿ ಹೇಳಿದ ಕಾರಣ ಅವಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ. “ಹಂಗ ಮಾಡಬೇಕು ಅಂದ್ರ ಮಾಡಂಗಿಲ್ಲ ನಾ. ಯಾಕ ಅಂತ ಹೇಳು.” ನಾನು ಬರೆಯುತ್ತಿದ್ದ ತಲೆಬರಹವನ್ನು ಬಿಟ್ಟು ಕೇಳಿಸಿಕೊಂಡೆ. ಶಾಲೆಯ ಬೋರ್ಡಿನ ಮುಂದೆ ಇವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆ ಹೊತ್ತಿಗೆ ಬಿಸಿ ರೊಟ್ಟಿ ಆಗಿತ್ತು. ವಾದ ಮಾಡುತ್ತಲೇ ಬಂದು, ನಿಂತುಕೊಂಡೇ ಎರಡು ತಿಂದು ಹೋದಳು.

ವರಾಂಡದಲ್ಲಿ ಸಣ್ಣವಳು ಬೀಜಗಣಿತದ ಹಂತವನ್ನು ಒಬ್ಬಳೇ ಶುರುಮಾಡಿದ್ದಳು. ನಾನು ಅವಳ ಎದುರು ಕೂತು ನನ್ನ ಕೆಲಸ ಮಾಡುತ್ತಿದ್ದೆ. ಪ್ರಶ್ನೆ ಬಂದ ಕೂಡಲೇ ಬರೆಯುತ್ತಿದ್ದಳು, ಬರೆದು ಅಂಗೈ ಎತ್ತುತ್ತಿದ್ದಳು, ಮತ್ತೆ ಇಳಿಸುತ್ತಿದ್ದಳು. ಬೋರ್ಡನ್ನು ಕ್ಯಾಮರಾಕ್ಕೆ ತೋರಿಸುವ ಮೊದಲು ಪ್ರತಿ ಸಲವೂ ಒಳಗಿನ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ಪಾಠ ಮುಗಿದ ಮೇಲೆ ಮಾರ್ಕರನ್ನು ಕೆಳಗಿಟ್ಟು ನನ್ನನ್ನು ಕೇಳಿದಳು:

“ಅಪ್ಪಾ, ಇನ್ನ ನಾ ಎಷ್ಟು ಜಲ್ದಿ ಬೇಕಾದ್ರೂ ಹೋಗಬಹುದೇನು?”

ನಾನು ಕೆಲಸದಿಂದ ತಲೆ ಎತ್ತುವಷ್ಟರಲ್ಲಿ ಒಳಗಿನಿಂದ ದೊಡ್ಡವಳ ದನಿ ಬಂತು.

“ಹೋಗಽ. ಯಾರು ಹಿಡದಾರ ನಿನ್ನ?”